ಬೀಸೋ ಪದವೂ ಬಾರ್ಟೋಕನ ಚೆಲ್ಲೊವೂ

ಹೋದ ವರ್ಷ ಬೆಂಗಳೂರಿನಲ್ಲಿ ಒಂದು ಸಣ್ಣ ಕಛೇರಿಗೆ ಹೋಗಿದ್ದೆ. ಎರಡು ವಯೊಲಿನ್, ಅದಕ್ಕಿಂತ ತುಸು ದೊಡ್ಡದಾದ ಒಂದು ವಯೊಲಾ, ಮಂದ್ರ ದನಿಯ ಒಂದು ದೊಡ್ಡ ಚೆಲ್ಲೊ. ಸ್ಟ್ರಿಂಗ್ ಕ್ವಾರ್ಟೆಟ್ ಅಂತಾರಲ್ಲ, ಅದು. ಮೈಕ್ ಇರಲಿಲ್ಲ. ಕೋಣೆ ಚಿಕ್ಕದು, ಕಮಾನು ತಂತಿಗೆ ತಾಕುವ ಸದ್ದೂ ಕೇಳುತ್ತಿತ್ತು. ಕೊನೆಗೆ ಒಂದು ಬೀಸುವ ಪದವನ್ನು ನಾಲ್ಕು ವಾದ್ಯಕ್ಕೆ ಹೊಂದಿಸಿ ನುಡಿಸಿದರು. ಮಟ್ಟು ಶುರುವಾದ ಕೂಡಲೇ ಮೈ ಜುಮ್ಮೆಂದಿತು. ನಮ್ಮ ಕಡೆಯದೇ ಮಟ್ಟು, ಚಿಕ್ಕಂದಿನಿಂದ ಕೇಳಿದ್ದು. ಅದು ಇಂಥ ಕೋಣೆಗೆ ಬಂತಲ್ಲ ಅಂತ ಖುಷಿಯಾಯಿತು. ನುಡಿಸಿದವರು ಒಳ್ಳೆಯ ಕಲಾವಿದರು, ಒಂದು ಸ್ವರವೂ ಆಚೀಚೆ ಆಗಲಿಲ್ಲ. ಎಲ್ಲರೂ ಚಪ್ಪಾಳೆ ಹೊಡೆದರು, ನಾನೂ ಹೊಡೆದೆ. ಆದರೆ ಮನೆಗೆ ಬರುವಷ್ಟರಲ್ಲಿ ಏನೋ ಚುಚ್ಚಲು ಶುರುವಾಗಿತ್ತು. ಕೇಳಿದ್ದು ಅದೇ ಮಟ್ಟು, ನಿಜ. ಆದರೆ ಅದು ಯಾರ ಬಾಯಿಂದಲೂ ಬಂದ ಹಾಗೆ ಇರಲಿಲ್ಲ. ಯಾರೂ ಅದನ್ನು ದುಡಿಯುತ್ತಾ ಹಾಡಿರಲಿಕ್ಕಿಲ್ಲ ಅನ್ನಿಸುವಷ್ಟು ನುಣ್ಣಗಾಗಿತ್ತು.

ಅವತ್ತಿನಿಂದ ಈ ಪ್ರಶ್ನೆ ಬಿಟ್ಟಿಲ್ಲ. ಜನಪದರ ಹಾಡು ಇಂಥ ಕೂಟದ ಸಂಗೀತಕ್ಕೆ ಬರಬೇಕಾದರೆ ಏನು ಬರಬೇಕು? ಮಟ್ಟು ಬಂದರೆ ಸಾಕೇ? ನಾನು ಕರ್ನಾಟಕ ಶೈಲಿಯ ಪಿಟೀಲು ಕಲಿತವಳು. ಪಾಶ್ಚಾತ್ಯ ಸಂಗೀತ ಕೇಳಿ ಕೇಳಿ ಹತ್ತಿರ ಮಾಡಿಕೊಂಡವಳು. ಈ ಎರಡರ ನಡುವೆ ಕೂತು ಯೋಚನೆ ಮಾಡಿದಾಗೆಲ್ಲ ನನಗೆ ನೆನಪಾಗುವವರು ಇಬ್ಬರು. ಒಬ್ಬರು ನಮ್ಮ ಸೋದರತ್ತೆ, ನಾನು ಕರೆಯುವುದು ಅತ್ತಿ ಅಂತ. ಇನ್ನೊಬ್ಬ ಹಂಗೇರಿಯ ಸಂಯೋಜಕ ಬೇಲಾ ಬಾರ್ಟೋಕ್.

ಅತ್ತಿಯ ಕಲ್ಲು

ಅತ್ತಿಯ ಊರು ಗದಗ ಜಿಲ್ಲೆಯ ಒಂದು ಹಳ್ಳಿ. ನಾನು ಹುಡುಗಿಯಾಗಿದ್ದಾಗಲೇ ಆ ಊರಿಗೆ ಗಿರಣಿ ಬಂದಿತ್ತು. ಹಿಟ್ಟಿಗೆ ಯಾರೂ ಕಲ್ಲು ಮುಟ್ಟುತ್ತಿರಲಿಲ್ಲ. ನುಚ್ಚು ಒಡೆಯುವುದಕ್ಕೆ, ಬೇಳೆ ಮಾಡುವುದಕ್ಕೆ ಮಾತ್ರ ಬೀಸುಕಲ್ಲು ಉಳಿದಿತ್ತು. ಪಿಟೀಲು ಕಲಿಯಲು ಶುರು ಮಾಡಿದ ಮೇಲೆ ಒಮ್ಮೆ ಅಲ್ಲಿಗೆ ಹೋದಾಗ, "ಅತ್ತಿ, ಆ ಬೀಸೋ ಪದ ಹಾಡು, ಸ್ವರ ಬರ್ಕೋತೀನಿ" ಅಂದೆ. ಅವಳು ಪಡಸಾಲೆಯಲ್ಲಿ ಕೂತು ಒಂದು ಸಾಲು ಎತ್ತಿದಳು, ನಿಲ್ಲಿಸಿದಳು. ಇನ್ನೊಮ್ಮೆ ಎತ್ತಿದಳು. ಆಮೇಲೆ, "ಹಿಂಗ ಸುಮ್ನ ಕುಂತ್ರ ಹೆಂಗ ಬರ್ತದವ್ವಾ? ಒಂದು ಸೇರು ಜ್ವಾಳಾ ತೊಗೊಂಬಾ, ಕಲ್ಲು ತಿರುಗ್ಲಿ" ಅಂದಳು. ಎದುರಿಗೆ ಓಣಿಯ ಇನ್ನೊಬ್ಬ ಹೆಂಗಸನ್ನು ಕೂರಿಸಿಕೊಂಡಳು. ಇಬ್ಬರೂ ಒಂದೇ ಗೂಟ ಹಿಡಿದರು. ಕಲ್ಲು ಗುರ್ ಅನ್ನತೊಡಗಿದ ಮೇಲೆ ಹಾಡು ತಾನಾಗಿ ಬಂತು.

ಅವತ್ತು ನಾನು ಪುಸ್ತಕ ಮುಚ್ಚಿಟ್ಟು ಅವಳ ಕೈ ನೋಡುತ್ತಾ ಕೂತೆ. ಗೂಟವನ್ನು ತನ್ನ ಕಡೆ ಎಳೆಯುವಾಗ ದನಿ ಬಿಗಿಯುತ್ತಿತ್ತು, ಸ್ವರ ಒಂಚೂರು ಮೇಲೇರುತ್ತಿತ್ತು. ಆಚೆ ದೂಡುವಾಗ ಸಡಿಲವಾಗಿ ಇಳಿಯುತ್ತಿತ್ತು. ಕಲ್ಲಿನ ಬಾಯಿಗೆ ಒಂದು ಮುಷ್ಟಿ ಕಾಳು ಹಾಕಬೇಕಾದಾಗ ಇದ್ದ ಸ್ವರದಲ್ಲೇ ನಿಂತುಬಿಡುತ್ತಿದ್ದಳು. ಕಾಳು ಒಳಗೆ ಇಳಿಯುವ ತನಕ ಸ್ವರ ಕದಲುತ್ತಿರಲಿಲ್ಲ. ಆಮೇಲೆ ಮುಂದಿನ ಸಾಲು. ಆ ನಿಲುಗಡೆ ಒಮ್ಮೆ ಉದ್ದ, ಒಮ್ಮೆ ಗಿಡ್ಡ. ಮುಷ್ಟಿಯಲ್ಲಿ ಎಷ್ಟು ಕಾಳು ಬಂತು ಅನ್ನುವುದರ ಮೇಲೆ. ಸಾಲಿನ ನಡುವೆ ಎದುರಿನವಳು ದನಿ ಎತ್ತಿಕೊಳ್ಳುತ್ತಿದ್ದಳು. ಅಷ್ಟರಲ್ಲಿ ಅತ್ತಿಗೆ ಉಸಿರು ಸಿಗುತ್ತಿತ್ತು. ಒಬ್ಬಳ ಕೊನೆಯ ಸ್ವರದ ಮೇಲೆ ಇನ್ನೊಬ್ಬಳ ಮೊದಲ ಸ್ವರ ಬೀಳುತ್ತಿತ್ತು. ಎರಡೂ ಪೂರ್ತಿ ಒಂದಾಗುತ್ತಿರಲಿಲ್ಲ. ಒಂದು ಕ್ಷಣ ಅವು ಉಜ್ಜಾಡುತ್ತಿದ್ದವು. ನನ್ನ ಕಿವಿಗೆ ಆ ಪದದಲ್ಲಿ ಎಲ್ಲಕ್ಕಿಂತ ರುಚಿಯಾದ ಜಾಗ ಅದೇ.

ಬೆಂಗಳೂರಿನ ಕಛೇರಿಯಲ್ಲಿ ಇದ್ಯಾವುದೂ ಇರಲಿಲ್ಲ. ಕಾಳು ಹಾಕುವ ನಿಲುಗಡೆ ಇಲ್ಲ, ಎಲ್ಲ ಸಾಲೂ ಎಂಟೆಂಟು ಎಣಿಕೆಗೆ ಕತ್ತರಿಸಿದ್ದವು. ದನಿ ದನಿಗೆ ಉಜ್ಜುವ ಜಾಗ ಇಲ್ಲ. ಎಲ್ಲಕ್ಕಿಂತ ಜಾಸ್ತಿ ಕಾಡಿದ್ದು ಚೆಲ್ಲೊ. ಮೇಲೆ ಮಟ್ಟು ಹೋಗುತ್ತಿದ್ದರೆ ಕೆಳಗೆ ಚೆಲ್ಲೊ ಸ ಮ ಪ ಸ ಅಂತ ಜಾಗ ಬದಲಿಸುತ್ತಾ ನಡೆಯುತ್ತಿತ್ತು. ಪಾಶ್ಚಾತ್ಯ ಸ್ವರಮೇಳದ, ಅಂದರೆ ಹಲವು ಸ್ವರ ಒಟ್ಟಿಗೆ ನುಡಿಸುವ ಪದ್ಧತಿಯ, ದೃಷ್ಟಿಯಿಂದ ಅದು ಸರಿಯೇ. ಆದರೆ ನಮ್ಮ ಪದಗಳಿಗೆ ಕೆಳಗೆ ನೆಲ ಇದ್ದರೆ ಅದು ಕದಲದ ನೆಲ. ತತ್ವಪದಕ್ಕೆ ಏಕತಾರಿ, ಗೀಗೀ ಪದಕ್ಕೆ ತುಂತುಣಿ, ನೀಲಗಾರರಿಗೆ ತಂಬೂರಿ. ಬೀಸುವ ಪದಕ್ಕಾದರೆ ಕಲ್ಲಿನ ಗುರ್ ಸದ್ದು. ಕೆಳಗಿನ ನೆಲ ಪ್ರತಿ ನಾಲ್ಕು ಎಣಿಕೆಗೊಮ್ಮೆ ಸರಿದರೆ ಮೇಲಿನ ಸ್ವರದ ಅರ್ಥವೇ ಬದಲಾಗುತ್ತದೆ. ಇದ್ದಲ್ಲೇ ನೆಮ್ಮದಿಯಾಗಿದ್ದ ಸ್ವರಕ್ಕೆ ಎಲ್ಲಿಗೋ ಹೋಗಲೇಬೇಕು ಅನ್ನುವ ಒತ್ತಡ ಬರುತ್ತದೆ. ಯುರೋಪಿನಲ್ಲಿ ಇದು ನೂರಾರು ವರ್ಷದಿಂದ ನಡೆದಿದೆ. ಬೀಥೋವನ್ 1806ರಲ್ಲಿ ತನ್ನ ರಜುಮೋವ್ಸ್ಕಿ ಕ್ವಾರ್ಟೆಟ್‌ಗಳಲ್ಲಿ ರಷ್ಯದ ಹಾಡಿನ ಮಟ್ಟುಗಳನ್ನು ಬಳಸಿದ. ಸಂಗೀತ ಅದ್ಭುತ, ಎರಡು ಮಾತಿಲ್ಲ. ಆದರೆ ಅಲ್ಲಿ ಆ ಹಾಡು ಬೀಥೋವನ್‌ನ ಮನೆಗೆ ಬಂದು ಬೀಥೋವನ್‌ನ ಮಾತನ್ನೇ ಆಡುತ್ತದೆ.

ಪಕ್ಕದ ಕೋಣೆಯ ದನಿ

ಬಾರ್ಟೋಕ್ ಕೂಡ ಮೊದಲು ಅಲ್ಲೇ ಇದ್ದವನು. 1904ರ ಬೇಸಿಗೆ. ಅವನಿಗೆ 23 ವರ್ಷ. ಈಗ ಸ್ಲೊವಾಕಿಯಾದಲ್ಲಿರುವ ಒಂದು ಹಳ್ಳಿಗಾಡಿನ ಮನೆಯಲ್ಲಿ ಪಿಯಾನೊ ಅಭ್ಯಾಸಕ್ಕೆಂದು ಉಳಿದುಕೊಂಡಿದ್ದ. ಅಲ್ಲಿ ಮಗು ನೋಡಿಕೊಳ್ಳಲು ಬಂದಿದ್ದ ಹುಡುಗಿ ಲಿಡಿ ಡೋಶಾ, ಈಗ ರೊಮೇನಿಯಾಕ್ಕೆ ಸೇರಿದ ಟ್ರಾನ್ಸಿಲ್ವೇನಿಯಾದ ಕಿಬೇಡ್ ಊರಿನವಳು. ಅವಳು ಹಾಡಿಕೊಳ್ಳುತ್ತಿದ್ದದ್ದು ಇವನ ಕಿವಿಗೆ ಬಿತ್ತು. ಕೆಸರಿಗೆ ಬಿದ್ದ ಕೆಂಪು ಸೇಬಿನ ಹಾಡು. ಅವಳಿಂದ ಕೇಳಿ ಬರೆದುಕೊಂಡ. ಪಿಯಾನೊ ಜೊತೆ ಸೇರಿಸಿ ಮರುವರ್ಷ ಪ್ರಕಟಿಸಿದ. ಆಗ ಪಟ್ಟಣದ ಜನಕ್ಕೆ ಹಂಗೇರಿಯ ಸಂಗೀತ ಅಂದರೆ ಹೋಟೆಲುಗಳಲ್ಲಿ ರೋಮಾ ವಾದ್ಯಗಾರರು ನುಡಿಸುತ್ತಿದ್ದದ್ದು. ಬ್ರಾಮ್ಸ್, ಲಿಸ್ಟ್ ಥರದ ಸಂಯೋಜಕರು ಎತ್ತಿಕೊಂಡದ್ದೂ ಹೆಚ್ಚಾಗಿ ಅದನ್ನೇ. ಹೊಲದಲ್ಲಿ, ಅಡುಗೆಮನೆಯಲ್ಲಿ ಬೇರೆಯದೇ ಒಂದು ಸಂಗೀತ ಇದೆ ಅನ್ನುವುದು ಪಟ್ಟಣಕ್ಕೆ ಗೊತ್ತಿರಲಿಲ್ಲ. ಒಬ್ಬ ಕೆಲಸದ ಹುಡುಗಿಯಿಂದ ಅದು ಗೊತ್ತಾಯಿತು.

1905ರಲ್ಲಿ ಅವನಿಗೆ ಇನ್ನೊಬ್ಬ ಹಂಗೇರಿಯ ಸಂಯೋಜಕ ಜೋಲ್ತಾನ್ ಕೊದಾಯ್ ಸಿಕ್ಕ. 1906ರಲ್ಲಿ ಇಬ್ಬರೂ ಸೇರಿ 20 ಹಾಡುಗಳನ್ನು ಪಿಯಾನೊ ಜೊತೆ ಹೊರತಂದರು, ತಲಾ ಹತ್ತು. ಅದರ ಮುನ್ನುಡಿಯಲ್ಲಿ, ಹೊಲದ ಹಾಡನ್ನು ಪಟ್ಟಣಕ್ಕೆ ತರಬೇಕಾದರೆ ಅದಕ್ಕೆ ಬಟ್ಟೆ ತೊಡಿಸಬೇಕಾಗುತ್ತದೆ ಅನ್ನುವ ಮಾತಿದೆ. ಆ ಬಟ್ಟೆ ಉಸಿರು ಕಟ್ಟದ ಹಾಗೆ ಇರಬೇಕು ಅನ್ನುವ ಕಾಳಜಿಯೂ ಇದೆ. ಬೆಂಗಳೂರಿನಲ್ಲಿ ನಾನು ಕೇಳಿದ್ದೂ ಇಂಥ ಬಟ್ಟೆ ತೊಟ್ಟ ಪದವನ್ನೇ. ಬಾರ್ಟೋಕ್ ಅಲ್ಲಿಗೇ ನಿಂತಿದ್ದರೆ ನಾನು ಅವನ ಬಗ್ಗೆ ಇಷ್ಟು ಬರೆಯುತ್ತಿರಲಿಲ್ಲ.

ಅವನು ಊರೂರು ಸುತ್ತಿದ. ಎಡಿಸನ್ನನ ಫೋನೊಗ್ರಾಫ್, ಮೇಣದ ಉರುಳೆಗಳು, ದೊಡ್ಡ ಕೊಂಬು. ಇಷ್ಟನ್ನೂ ಹೊತ್ತುಕೊಂಡು ಹಂಗೇರಿ, ಸ್ಲೊವಾಕ್, ರೊಮೇನಿಯನ್ ಹಳ್ಳಿಗಳಿಗೆ ಹೋದ. ಒಂದು ಉರುಳೆಯಲ್ಲಿ ಕೆಲವೇ ನಿಮಿಷದ ಹಾಡು ಹಿಡಿಯುತ್ತಿತ್ತು. ಮನೆಗೆ ಬಂದು ಅದನ್ನೇ ನಿಧಾನವಾಗಿ ತಿರುಗಿಸಿ, ಸ್ವರ ಎಲ್ಲಿ ನಡುಗಿತು, ಎಲ್ಲಿ ಜಾರಿತು ಅಂತ ಕೇಳಿ ಕೇಳಿ ಬರೆದ. ಜನ ಸುಲಭವಾಗಿ ಹಾಡುತ್ತಲೂ ಇರಲಿಲ್ಲ. 1907ರ ಆಗಸ್ಟಿನಲ್ಲಿ ಟ್ರಾನ್ಸಿಲ್ವೇನಿಯಾದಿಂದ ಬರೆದ ಒಂದು ಪತ್ರದಲ್ಲಿ ಒಬ್ಬ ಹೆಂಗಸಿನ ಜೊತೆ ನಡೆದ ಮಾತುಕತೆಯನ್ನು ನಾಟಕದ ಹಾಗೆ ಬರೆದಿದ್ದಾನೆ. ಇವನು ಹಳೇ ಹಾಡು ಬೇಕು ಅನ್ನುತ್ತಾನೆ. ಅವಳು ದೇವರ ಹಾಡು ಅನ್ನುತ್ತಾಳೆ, ಹೊಸ ಹಾಡು ಅನ್ನುತ್ತಾಳೆ, ನನಗೇನು ಬರುತ್ತೆ ಅನ್ನುತ್ತಾಳೆ. ಇವನು ಕೇಳುತ್ತಲೇ ಇರುತ್ತಾನೆ. ಅದನ್ನು ಓದುವಾಗ ನನಗೆ ಅತ್ತಿಯ ಪಡಸಾಲೆ ಕಣ್ಣಿಗೆ ಕಟ್ಟಿತು. ಹಾಡುವವರಿಗೆ ಹಾಡು ತೆಗೆದಿಟ್ಟ ವಸ್ತುವಲ್ಲ. ಅದಕ್ಕೊಂದು ಹೊತ್ತು ಬೇಕು, ಕೆಲಸ ಬೇಕು, ಜೊತೆ ಬೇಕು.

ಮಟ್ಟಿನ ಒಳಗಿಂದಲೇ

ಇಷ್ಟು ವರ್ಷ ಕೇಳಿದ್ದರಿಂದ ಅವನ ಸಂಗೀತದಲ್ಲಿ ಏನಾಯಿತು ಅನ್ನುವುದೇ ನನಗೆ ಮುಖ್ಯ. ಹಂಗೇರಿಯ ಹಳೆಯ ಹಾಡುಗಳಲ್ಲಿ ತುಂಬಾ ಕಡೆ ಐದೇ ಸ್ವರ. ನಮ್ಮ ಶುದ್ಧ ಧನ್ಯಾಸಿ ರಾಗದಲ್ಲಿ ಬರುವ ಸ ಗ ಮ ಪ ನಿ ಇವೆಯಲ್ಲ, ಅವೇ ಸ್ಥಾನಗಳು. ಮಟ್ಟು ಮೇಲಿನಿಂದ ಶುರುವಾಗಿ ಕೆಳಗಿಳಿಯುತ್ತದೆ. ಎಷ್ಟೋ ಹಾಡಿನಲ್ಲಿ ಮೊದಲೆರಡು ಸಾಲಿನ ಮಟ್ಟನ್ನೇ ಪಂಚಮದಷ್ಟು ಕೆಳಗಿಳಿಸಿ ಮುಂದಿನ ಎರಡು ಸಾಲು ಹಾಡುತ್ತಾರೆ. ಈಗ ನೋಡಿ, ಆ ಐದು ಸ್ವರದಲ್ಲಿ ನಿ ಅನ್ನುವುದು ಪ ಇದ್ದಷ್ಟೇ ಆರಾಮಾಗಿ ಇರುತ್ತದೆ. ಅದಕ್ಕೆ ಸ ಕಡೆ ಓಡುವ ಅವಸರ ಇಲ್ಲ. ಆದರೆ ಯುರೋಪಿನ ಶಾಸ್ತ್ರದಲ್ಲಿ ಸ ಜೊತೆ ನಿ ಸೇರಿದರೆ ಅದು ಬಿಗುವು, ಬಿಡಿಸಲೇಬೇಕು ಅನ್ನುವ ನಿಯಮ. ಬಾರ್ಟೋಕ್ ಯೋಚನೆ ಮಾಡಿದ. ಹಾಡಿನಲ್ಲಿ ಒಂದಾದ ಮೇಲೊಂದು ಬರುವಾಗ ನೆಮ್ಮದಿಯಾಗಿರುವ ಸ್ವರಗಳು ಒಟ್ಟಿಗೆ ಬಂದಾಗ ಯಾಕೆ ಬಿಗುವಾಗಬೇಕು? ಸ ಗ ಪ ನಿ ನಾಲ್ಕನ್ನೂ ಒಟ್ಟಿಗೆ ಬಿಟ್ಟು, ಹಾಗೇ ನಿಲ್ಲಿಸಿದ. ಬಿಡಿಸಲಿಲ್ಲ. ಸ್ವರಮೇಳ ಹೊರಗಿನಿಂದ ಬರಲಿಲ್ಲ, ಮಟ್ಟಿನ ಒಳಗಿಂದಲೇ ಬಂತು.

ಇನ್ನೊಂದು ಮಾತು ಅವನು ಬರೆದಿದ್ದಾನೆ. ಮಟ್ಟು ಎಷ್ಟು ಸರಳವೋ ಅದರ ಜೊತೆಗಿನ ಸ್ವರಮೇಳ ಅಷ್ಟೇ ವಿಚಿತ್ರವಾಗಿರಬಹುದು ಅಂತ. ಮೊದಲ ಸಲ ಓದಿದಾಗ ಇದು ತಲೆಕೆಳಗಾಗಿ ಕಂಡಿತ್ತು. ಸರಳ ಹಾಡಿಗೆ ಸರಳ ಜೊತೆ ತಾನೇ ಸರಿ? ಆದರೆ ಎರಡು ಮೂರು ಸ್ವರದಲ್ಲೇ ಸುತ್ತುವ ಮಟ್ಟು ತನ್ನ ಜೊತೆಗೆ ಇಂಥದ್ದೇ ಇರಲಿ ಅಂತ ಕೇಳುವುದಿಲ್ಲ. ಸಂಯೋಜಕನಿಗೆ ಅಲ್ಲಿ ಜಾಸ್ತಿ ಜಾಗ ಇದೆ. ನಮ್ಮ ಸೋಬಾನೆ ಪದಗಳನ್ನು ನೆನೆಸಿಕೊಂಡರೆ ಇದು ಎಷ್ಟು ನಿಜ ಅನ್ನಿಸುತ್ತದೆ. ಮೂರು ನಾಲ್ಕು ಸ್ವರದೊಳಗೆ ಇಡೀ ರಾತ್ರಿ ಹಾಡುತ್ತಾರೆ. ಅದರ ಕೆಳಗೆ ಸ ಮ ಪ ಇಟ್ಟರೆ ಅದು ಶಾಲೆಯ ಪ್ರಾರ್ಥನೆ ಆಗಿಬಿಡುತ್ತದೆ.

ಇದೆಲ್ಲದರ ಫಲ ಕಿವಿಗೆ ಸಿಗುವುದು 1928ರ ನಾಲ್ಕನೇ ಕ್ವಾರ್ಟೆಟ್‌ನಲ್ಲಿ. ಐದು ಭಾಗಗಳ ರಚನೆ. ಅದರ ನಡುವಿನ ಮೂರನೇ ಭಾಗ ಒಮ್ಮೆ ಕೇಳಿ ನೋಡಿ. ಮೂರು ವಾದ್ಯಗಳು ಒಂದೊಂದಾಗಿ ಬಂದು ಸ್ವರ ಹಿಡಿದು ನಿಂತುಬಿಡುತ್ತವೆ. ಮೊದಲು ಕೈ ಅಲುಗಿಸದೆ, ಚಪ್ಪಟೆಯಾಗಿ. ಆಮೇಲೆ ಅದೇ ಸ್ವರಗಳನ್ನು ಬೆರಳು ನಡುಗಿಸಿ, ವೈಬ್ರಾಟೊ ಕೊಟ್ಟು. ಆ ಕದಲದ ನೆಲದ ಮೇಲೆ ಚೆಲ್ಲೊ ಒಂದೇ ಮಾತಾಡಲು ಶುರು ಮಾಡುತ್ತದೆ. ಒಂದು ಸ್ವರದಲ್ಲಿ ತುಂಬಾ ಹೊತ್ತು ನಿಲ್ಲುತ್ತದೆ. ಥಟ್ಟನೆ ನಾಲ್ಕಾರು ಸಣ್ಣ ಸ್ವರ ಉದುರಿಸಿ ಇನ್ನೊಂದರಲ್ಲಿ ನಿಲ್ಲುತ್ತದೆ. ತಾಳ ಇಲ್ಲ, ಮಾತಿನ ಲಯ. ಬಾರ್ಟೋಕ್ ಮೊದಲ ಮಹಾಯುದ್ಧಕ್ಕೆ ಮುಂಚೆ ಮಾರಾಮುರೇಶ್ ಸೀಮೆಯ ರೊಮೇನಿಯನ್ನರಲ್ಲಿ ಹೊರಾ ಲುಂಗಾ ಅನ್ನುವ ಉದ್ದನೆಯ ಹಾಡಿನ ಬಗೆಯನ್ನು ಕೇಳಿದ್ದ. ಆ ಹಾಡುವ ರೀತಿ ಇಲ್ಲಿದೆ. ಆದರೆ ಆ ಹಾಡಿನ ಒಂದು ಮಟ್ಟೂ ಇಲ್ಲಿಲ್ಲ. ನಾನು ಇದನ್ನು ಮೊದಲ ಸಲ ಕೇಳಿದಾಗ ಅತ್ತಿ ಕಾಳು ಹಾಕುವಾಗ ನಿಲ್ಲುತ್ತಿದ್ದದ್ದು ನೆನಪಾಗಿ ಕಣ್ಣು ತುಂಬಿತು. ಹಂಗೇರಿಯವನೊಬ್ಬ ರೊಮೇನಿಯನ್ನರಿಂದ ಕಲಿತು ಬರೆದದ್ದು ನನ್ನನ್ನು ಗದಗಿಗೆ ಕರೆದುಕೊಂಡು ಹೋಯಿತು. ನಮ್ಮದೇ ಮಟ್ಟನ್ನು ನುಡಿಸಿದ ಕಛೇರಿಯಲ್ಲಿ ನನಗೆ ಆ ಅನುಭವ ಆಗಿರಲಿಲ್ಲ.

ನಾಲ್ಕನೇ ಭಾಗ ಪೂರ್ತಿ ಕಮಾನಿಲ್ಲದೆ, ಬೆರಳಲ್ಲಿ ಮೀಟಿ ನುಡಿಸುವುದು. ನಡುನಡುವೆ ತಂತಿಯನ್ನು ಎಷ್ಟು ಜೋರಾಗಿ ಎಳೆದು ಬಿಡಬೇಕೆಂದರೆ ಅದು ಕೆಳಗಿನ ಮರಕ್ಕೆ ಫಟ್ಟನೆ ಬಡಿಯಬೇಕು. ಇವತ್ತು ಆ ಬಗೆಯ ಮೀಟಿಗೆ ಬಾರ್ಟೋಕನ ಹೆಸರೇ ಇದೆ. ತಂತಿಯ, ಮರದ ಸದ್ದನ್ನು ಮುಚ್ಚಿಡದೆ ಕೇಳಿಸುವ ಧೈರ್ಯ ಅದು. ನಮ್ಮ ಚೌಡಿಕೆ ಮೀಟುವವರು, ತುಂತುಣಿ ಬಾರಿಸುವವರು ಆ ಸದ್ದನ್ನು ಎಂದೂ ಮುಚ್ಚಿಟ್ಟವರಲ್ಲ.

1934ರ ಐದನೇ ಕ್ವಾರ್ಟೆಟ್‌ನಲ್ಲಿ ಬಲ್ಗೇರಿಯಾದ ಲಯದ ಒಂದು ಭಾಗವಿದೆ. ಒಂಬತ್ತು ಎಣಿಕೆ, 4+2+3. ಪಾಶ್ಚಾತ್ಯ ಗೆಳೆಯರು ಇದನ್ನು ಕಷ್ಟ ಅಂತಾರೆ. ಲಯ ಕಲಿತ ನಮ್ಮ ಮಕ್ಕಳಿಗೆ ಇದು ತಕದಿಮಿ ತಕ ತಕಿಟ, ಒಂಬತ್ತರ ಸಂಕೀರ್ಣ ಜಾತಿ. ಆದರೆ ವೇಗ ಎಷ್ಟಿದೆ ಅಂದರೆ ಎಣಿಸಲು ಆಗುವುದಿಲ್ಲ, ಮೂರು ಅಸಮ ಹೆಜ್ಜೆ ಅಂತ ಮೈಗೆ ತಿಳಿಯಬೇಕು. ಅದೇ ಕ್ವಾರ್ಟೆಟ್‌ನ ಕೊನೆಯಲ್ಲಿ ಇನ್ನೊಂದು ಜಾಗ ಇದೆ. ಓಡುತ್ತಿದ್ದ ಸಂಗೀತ ಥಟ್ಟನೆ ನಿಂತು, ಒಂದು ಸಪ್ಪೆ ಮಟ್ಟು ಬರುತ್ತದೆ. ಕೆಳಗೆ ಎಲ್ಲರಿಗೂ ಗೊತ್ತಿರುವ ಅದೇ ಎರಡು ಸ್ವರಮೇಳ. ಉದಾಸೀನವಾಗಿ ನುಡಿಸಿ ಅಂತ ಬರೆದಿದ್ದಾನೆ. ಸ್ವಲ್ಪ ಹೊತ್ತಿಗೆ ಮೇಲಿನ ಮಟ್ಟು ಅರ್ಧ ಸ್ವರ ಸರಿದುಹೋಗಿ ಕೆಳಗಿನದಕ್ಕೆ ಹೊಂದುವುದೇ ಇಲ್ಲ. ಯಾಕೆ ಹೀಗೆ ಮಾಡಿದ ಅಂತ ಬೇರೆ ಬೇರೆಯವರು ಬೇರೆ ಬೇರೆ ಹೇಳುತ್ತಾರೆ. ನನ್ನ ಮಟ್ಟಿಗೆ, ಕೇಳದೆ ತೊಡಿಸಿದ ಸ್ವರಮೇಳ ಹೇಗಿರುತ್ತದೆ ಅನ್ನುವುದನ್ನು ಅವನು ಅಲ್ಲಿ ಹತ್ತಿರದಿಂದ ತೋರಿಸಿದ್ದಾನೆ.

ಇಬ್ಬರು ಕೂತು ನುಡಿಸಿದಾಗ

ಕ್ವಾರ್ಟೆಟ್ ನುಡಿಸುವ ಶಕ್ತಿ ನನಗಿಲ್ಲ. ಆದರೆ ಬಾರ್ಟೋಕ್ 1931ರಲ್ಲಿ ಎರಡು ವಯೊಲಿನ್‌ಗೆ 44 ಪುಟ್ಟ ರಚನೆ ಮಾಡಿದ್ದಾನೆ. ಎರಿಕ್ ಡೋಫ್ಲೈನ್ ಅನ್ನುವ ಜರ್ಮನ್ ಮೇಷ್ಟ್ರು ಕಲಿಯುವ ಮಕ್ಕಳಿಗೆ ಅಂತ ಕೇಳಿದ್ದರು. ಹೆಚ್ಚುಕಡಿಮೆ ಎಲ್ಲವೂ ಜನಪದ ಮಟ್ಟಿನ ಮೇಲೆಯೇ ಇವೆ. ಹಂಗೇರಿಯನ್, ರೊಮೇನಿಯನ್, ಸ್ಲೊವಾಕ್, ಸರ್ಬಿಯನ್, ರುಥೇನಿಯನ್, ಒಂದು ಅರಬ್ಬಿ ಹಾಡು ಕೂಡ. 1913ರಲ್ಲಿ ಅಲ್ಜೀರಿಯಾದ ಬಿಸ್ಕ್ರಾ ಸುತ್ತಮುತ್ತ ಸುತ್ತಿದ್ದರ ಫಲ ಅದು. ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. 1920ರಲ್ಲಿ ಹಂಗೇರಿ ತನ್ನ ನೆಲದ ಮೂರರಲ್ಲಿ ಎರಡು ಪಾಲನ್ನು ಕಳೆದುಕೊಂಡಿತ್ತು, ಅದರಲ್ಲಿ ದೊಡ್ಡ ಪಾಲು ರೊಮೇನಿಯಾಕ್ಕೆ ಹೋಗಿತ್ತು. ಆ ಹೊತ್ತಿನಲ್ಲಿ ರೊಮೇನಿಯನ್ನರ ಹಾಡಿನ ಬಗ್ಗೆ ಬರೆದದ್ದಕ್ಕೆ ಇವನಿಗೆ ದೇಶಪ್ರೇಮ ಇಲ್ಲ ಅನ್ನುವಂಥ ಮಾತು ಕೇಳಬೇಕಾಯಿತು. ಆದರೂ ಮಕ್ಕಳ ಪುಸ್ತಕದಲ್ಲಿ ಎಲ್ಲರನ್ನೂ ಅಕ್ಕಪಕ್ಕ ಕೂರಿಸಿದ. 1942ರಲ್ಲಿ ಅಮೆರಿಕದಲ್ಲಿದ್ದಾಗ, ಸಂಗೀತದಲ್ಲಿ ಜನಾಂಗದ ಶುದ್ಧತೆ ಅನ್ನುವುದರ ವಿರುದ್ಧ ಲೇಖನ ಬರೆದ. ಹಾಡು ಗಡಿ ದಾಟಿ ಹೋಗಿ ಬಂದದ್ದರಿಂದಲೇ ಆ ಸೀಮೆಯ ಸಂಗೀತ ಅಷ್ಟು ಸಂಪತ್ತಾಗಿದೆ ಅನ್ನುವುದು ಅವನು ಹಳ್ಳಿಗಳಲ್ಲಿ ಕಣ್ಣಾರೆ ಕಂಡ ಸತ್ಯ.

ನನ್ನ ಗೆಳತಿಯೊಬ್ಬಳು ಚಿಕ್ಕಂದಿನಿಂದ ಚರ್ಚಿನಲ್ಲಿ ನುಡಿಸುತ್ತಾ ಪಾಶ್ಚಾತ್ಯ ವಯೊಲಿನ್ ಕಲಿತವಳು. ಅವಳ ಜೊತೆ ಈ ರಚನೆಗಳನ್ನು ನುಡಿಸುವುದು ಈಗ ನಮ್ಮ ಭಾನುವಾರದ ರೂಢಿ. ನಾನು ಚಾಪೆಯ ಮೇಲೆ, ಪಿಟೀಲಿನ ತುದಿ ಬಲಗಾಲಿನ ಹಿಮ್ಮಡಿಯ ಮೇಲೆ. ಅವಳು ಕುರ್ಚಿಯ ಮೇಲೆ, ಎದುರಿಗೆ ಸ್ಟ್ಯಾಂಡು. ಬ್ಯಾಗ್‌ಪೈಪ್ ಅನ್ನುವ ರಚನೆ ನುಡಿಸಿದ ದಿನ ನನಗೆ ಚೆನ್ನಾಗಿ ನೆನಪಿದೆ. ಚರ್ಮದ ಚೀಲದ ಆ ವಾದ್ಯದ ಹಾಗೆ ಕೇಳಿಸಬೇಕು ಅಂತ ಬಿಟ್ಟ ತಂತಿ ಗುಂಯ್‌ಗುಡುತ್ತಲೇ ಇರುತ್ತದೆ. "ಇದು ಬೋರ್ ಅಲ್ವಾ, ಕೆಳಗೆ ಏನೂ ಆಗ್ತಾನೇ ಇಲ್ಲ" ಅಂದಳು ಅವಳು. "ಶ್ರುತಿ ಕಣೇ ಅದು. ಏನೂ ಆಗ್ಬಾರ್ದು" ಅಂದೆ. ತಂಬೂರಿ ಹಾಕಿ, ಅದರ ಜೊತೆ ಅವಳ ಕೈಲಿ ಮೇಲಿನ ಮಟ್ಟು ನುಡಿಸಿದೆ. ಅರ್ಧ ಗಂಟೆ ಆದ ಮೇಲೆ ಅವಳ ಗಾಂಧಾರ ತಾನಾಗಿ ಒಂದು ಕೂದಲೆಳೆ ಕೆಳಗೆ ಬಂದು ಕೂತಿತು. ಅವಳೇ ಕಮಾನು ನಿಲ್ಲಿಸಿ ನನ್ನ ಮುಖ ನೋಡಿದಳು. ಪಿಯಾನೊ ಜೊತೆ ಕಲಿತ ಜಾಗದಿಂದ ಆ ಸ್ವರ ಸರಿದಿತ್ತು, ಮತ್ತು ಅವಳಿಗೆ ಅದು ಹಿತವಾಗಿತ್ತು.

ಅರಬ್ಬಿ ಹಾಡಿನಲ್ಲಿ ಕಲಿಯುವ ಸರದಿ ನನ್ನದು. ಒಂದು ಪಿಟೀಲು ದಪ್ಪು ವಾದ್ಯದ ಹಾಗೆ ಒಂದೇ ಬಡಿತ ಹಿಡಿದಿರುತ್ತದೆ, ಇನ್ನೊಂದು ಚಿಕ್ಕ ಜಾಗದಲ್ಲೇ ಸುತ್ತುವ ಮಟ್ಟು. ನನ್ನ ಕೈ ಎಲ್ಲ ಸ್ವರವನ್ನೂ ಅಲುಗಿಸಿ ಗಮಕ ಕೊಡಲು ಹೋಗುತ್ತದೆ. ಗೆಳತಿ ಬೇಡ ಅನ್ನುತ್ತಾಳೆ. ಅವಳು ಹೇಳುವುದು ಸರಿ. ಬಿಸ್ಕ್ರಾದ ಹಾಡಿಗೆ ಅದರದೇ ನಡಿಗೆ ಇದೆ. ನನ್ನ ಗಮಕ ಅದಕ್ಕೆ ಹೊರಗಿನದು, ಬೆಂಗಳೂರಿನ ಕಛೇರಿಯಲ್ಲಿ ಆ ಸ ಮ ಪ ಹೊರಗಿನದಾಗಿದ್ದ ಹಾಗೆ. ಶಾಸ್ತ್ರೀಯ ಅಂತ ಕಲಿತ ಯಾವ ಕೈಗೂ ಈ ಆತುರ ಇರುತ್ತದೆ. ಯುರೋಪಿನದ್ದಾಗಲಿ, ನಮ್ಮದಾಗಲಿ. ನಮ್ಮಲ್ಲಿ ಪುನ್ನಾಗವರಾಳಿ, ನಾದನಾಮಕ್ರಿಯೆ ರಾಗಗಳೆಲ್ಲ ಜನಪದದಿಂದ ಬಂದವು ಅಂತ ಹೆಮ್ಮೆಯಿಂದ ಹೇಳುತ್ತೇವೆ. ಆದರೆ ತತ್ವಪದವನ್ನು ವೇದಿಕೆಗೆ ತರುವಾಗ ಏಕತಾರಿಯವರ ಒರಟು ಕೊರಳನ್ನು ಆಚೆಗಿಟ್ಟು, ರಾಗದ ಹೆಸರು ಹಚ್ಚಿ, ಒಂದೇ ಸಾಲನ್ನು ಬಗೆಬಗೆಯಾಗಿ ಬೆಳೆಸುವ ಸಂಗತಿ ಸೇರಿಸಿ ಹಾಡುತ್ತೇವೆ. ಇದೂ ಬಟ್ಟೆ ತೊಡಿಸುವುದೇ ಅಲ್ವಾ?

ಪುಸ್ತಕಕ್ಕೆ ಬಂದದ್ದು, ಬಾರದ್ದು

44 ರಚನೆಗಳ ಅದೇ 1931ರಲ್ಲಿ ನಮ್ಮಲ್ಲಿ ಹಲಸಂಗಿ ಗೆಳೆಯರ 'ಗರತಿಯ ಹಾಡು' ಹೊರಬಂತು. ವಿಜಯಪುರ ಜಿಲ್ಲೆಯ ಒಂದು ಹಳ್ಳಿಯಲ್ಲಿ ಕೂತು ಮಧುರಚೆನ್ನ, ಸಿಂಪಿ ಲಿಂಗಣ್ಣ ಮತ್ತು ಅವರ ಗೆಳೆಯರು ಮಾಡಿದ ಕೆಲಸ ಎಷ್ಟು ದೊಡ್ಡದು ಅಂತ ಕನ್ನಡ ಓದುಗರಿಗೆ ನಾನು ಹೇಳಬೇಕಿಲ್ಲ. ಹೆಂಗಸರು ಕಲ್ಲಿನ ಮುಂದೆ ಹಾಡಿದ್ದು ಕಾವ್ಯ ಅಂತ ಕನ್ನಡಕ್ಕೆ ಗೊತ್ತಾದದ್ದೇ ಅಂಥವರಿಂದ. ಆದರೆ ಪುಸ್ತಕಕ್ಕೆ ಬಂದದ್ದು ಮಾತು. ಮಟ್ಟು ಬಾಯಲ್ಲೇ ಉಳಿಯಿತು. ತ್ರಿಪದಿ ಅಂತ ನಾವು ಮೂರು ಸಾಲು ಓದುತ್ತೇವೆ. ಹಾಡುವಾಗ ಅದು ಮೂರಾಗಿ ಇರುವುದಿಲ್ಲ. ಎರಡನೇ ಸಾಲು ಮರಳಿ ಬಂದು ನಾಲ್ಕರ ಆಕಾರ ಆಗುತ್ತದೆ. ಅತ್ತಿಯ ಮನೆಯಲ್ಲಿ ಆ ಮರಳುವ ಸಾಲನ್ನು ಎತ್ತಿಕೊಳ್ಳುತ್ತಿದ್ದವಳು ಎದುರಿನವಳು. ಓದಿದರೆ ಇದು ಕಾಣುವುದಿಲ್ಲ. ಛಂದಸ್ಸಿನ ಪಾಠದಲ್ಲಿ ಗಣ ಎಣಿಸುವಾಗಲೂ ಕಾಣುವುದಿಲ್ಲ. ಮುಂದೆ ಧ್ವನಿಮುದ್ರಣಗಳು ಎಷ್ಟೋ ಆದವು, ವಿದ್ವಾಂಸರು ತುಂಬಾ ದುಡಿದರು. ಆದರೂ ಒಂದು ಪದದ ಒಂದೊಂದು ನಡುಕ, ಒಂದೊಂದು ನಿಲುಗಡೆಯನ್ನೂ ಸ್ವರದಲ್ಲಿ ಬರೆದಿಡುವ ಹಠ ನಮ್ಮಲ್ಲಿ ಬೆಳೆಯಲಿಲ್ಲ. ಅದರ ಬೆಲೆ ಈಗ ಕಾಣುತ್ತಿದೆ. ಪದವನ್ನು ನಾಲ್ಕು ವಾದ್ಯಕ್ಕೆ ಹೊಂದಿಸಬೇಕು ಅಂತ ಮನಸ್ಸು ಮಾಡಿದ ಹುಡುಗನಿಗೆ ಕೈಗೆ ಸಿಗುವುದು ಒಂದು ಹಳೇ ಕ್ಯಾಸೆಟ್ಟಿನ ಮಟ್ಟು. ಅದೂ ಕೀಬೋರ್ಡು, ರಿದಂ ಪ್ಯಾಡಿನ ಜೊತೆ ಆಗಲೇ ಚೌಕ ಆಗಿರುವಂಥದ್ದು. ಅವನನ್ನು ದೂರಲು ನನಗೆ ಮನಸ್ಸಿಲ್ಲ.

ಬಾರ್ಟೋಕ್ ಕೂಡ 1931ರ ಒಂದು ಲೇಖನದಲ್ಲಿ ಈ ಬೆರೆಯುವಿಕೆಯ ಬಗೆಗಳನ್ನು ಹೇಳಿದ್ದಾನೆ. ಮಟ್ಟನ್ನೇ ತೆಗೆದುಕೊಂಡು ಜೊತೆ ಕಟ್ಟುವುದು ಒಂದು. ಅದೇ ಥರದ ಮಟ್ಟನ್ನು ತಾನೇ ಹುಟ್ಟಿಸುವುದು ಇನ್ನೊಂದು. ಮಟ್ಟೂ ಇಲ್ಲ, ಅನುಕರಣೆಯೂ ಇಲ್ಲ, ಆದರೆ ಇಡೀ ಸಂಗೀತದ ಹವೆಯೇ ಅದಾಗಿರುವುದು ಮತ್ತೊಂದು. ಅಲ್ಲಿಗೆ ಬಂದವನಿಗೆ ಹಳ್ಳಿಯ ಸಂಗೀತ ತಾಯಿನುಡಿ ಆಗಿರುತ್ತದೆ ಅನ್ನುತ್ತಾನೆ. ಮೊದಲನೆಯದು ಕೀಳು, ಕೊನೆಯದು ಮೇಲು ಅಂತ ಅವನು ಹೇಳುವುದಿಲ್ಲ. ಮಟ್ಟಿಗೆ ಚೆನ್ನಾಗಿ ಜೊತೆ ಕಟ್ಟುವುದೂ ತುಂಬಾ ಕಷ್ಟದ ಕೆಲಸ ಅನ್ನುವುದು ಅವನ ಅನುಭವ. ನನಗೂ ಹಾಗೇ ಅನ್ನಿಸುತ್ತದೆ. ಯಾವ ದಾರಿ ಹಿಡಿದರೂ ಹಾಡಿದವರ ಎದುರು ಕೂತು ಕೇಳಿದ ಹೊತ್ತೇ ಅದರ ಬಂಡವಾಳ.

ಯಾರ ಪದ?

ಒಂದು ಕಡೆ ನನಗೆ ಇನ್ನೂ ಸಮಾಧಾನ ಇಲ್ಲ. ನಾಲ್ಕನೇ ಕ್ವಾರ್ಟೆಟ್‌ನಲ್ಲಿ ಹಳ್ಳಿಯ ಉಸಿರು ಬಂತು, ನಿಜ. ಆದರೆ ಆ ಉಸಿರಿನವರಿಗೆ ಅದು ತಮ್ಮದು ಅನ್ನಿಸುತ್ತಿತ್ತೇ? ಮಟ್ಟು ಇದ್ದರೆ ಅವರು ಗುರುತು ಹಿಡಿಯುತ್ತಿದ್ದರು. ಮಟ್ಟು ಕರಗಿ ರೀತಿ ಮಾತ್ರ ಉಳಿದಾಗ ಹೆಸರೂ ಕರಗುತ್ತದೆ. ಲಿಡಿ ಡೋಶಾಳ ಹೆಸರು ಉಳಿದದ್ದು ಅವಳು ಮೊದಲಿಗಳಾಗಿದ್ದರಿಂದ. ಉರುಳೆಗಳ ಮೇಲೆ ಹಾಡಿದ ಸಾವಿರಾರು ಜನರನ್ನು ಸಂಗೀತ ಕೇಳುವ ನಾವು ಯಾರೂ ನೆನೆಯುವುದಿಲ್ಲ. ಬಾರ್ಟೋಕ್ ಮಾತ್ರ ಈ ಋಣವನ್ನು ಹಗುರವಾಗಿ ತೆಗೆದುಕೊಳ್ಳಲಿಲ್ಲ. 1940ರಲ್ಲಿ ದೇಶ ಬಿಟ್ಟು ನ್ಯೂಯಾರ್ಕಿಗೆ ಹೋದ ಮೇಲೂ, ಕಾಯಿಲೆ ಬಿದ್ದಾಗಲೂ, ರೊಮೇನಿಯನ್ ಹಾಡುಗಳ ಸ್ವರಲಿಪಿಯನ್ನು ತಿದ್ದುತ್ತಾ ಕೂತಿದ್ದ. 1945ರಲ್ಲಿ ಅವನು ತೀರಿಕೊಂಡ. ಆ ದೊಡ್ಡ ಸಂಗ್ರಹ ಅಚ್ಚಾಗಿ ಬಂದದ್ದು 1960ರ ದಶಕದಿಂದ ಈಚೆಗೆ.

ಈ ಮಾತನ್ನು ಅತ್ತಿಯ ಹತ್ತಿರ ಬೇರೆ ಥರ ಕೇಳಿದ್ದೆ. "ನಿನ್ನ ಪದಾ ನಾವು ನಾಲ್ಕು ಪಿಟೀಲಿಗೆ ಬರೀಬೇಕಂತೀವಿ. ನಿನ್ನ ಹೆಸರು ಹಾಕ್ಲಿ?" ಅಂದೆ. "ನಂದೆಲ್ಲೀದವ್ವಾ? ನಮ್ಮತ್ತೀದು ಅದು. ಆಕಿ ತನ್ನ ತವರಿಂದ ತಂದಿದ್ಲು" ಅಂದಳು. ಸ್ವಲ್ಪ ಹೊತ್ತು ಬಿಟ್ಟು, "ಹಾಕೂದಾದ್ರ ಎದುರಿಗೆ ಕುಂತು ಬೀಸಿದಾಕೀದೂ ಹಾಕು. ಆಕಿ ಇಲ್ದ ನಾ ಹೆಂಗ ಹಾಡ್ತಿದ್ದೆ?" ಅಂದಳು. ಈಗ ನಾನೂ ಗೆಳತಿಯೂ ಆ ಪದವನ್ನು ನಾಲ್ಕು ವಾದ್ಯಕ್ಕೆ ಬರೆಯುತ್ತಿರುವ ಹಾಳೆಯ ತಲೆಯ ಮೇಲೆ ಇಬ್ಬರ ಹೆಸರೂ ಇದೆ. ಅತ್ತಿಯ ಅತ್ತೆಯ ಹೆಸರೂ, ಅವಳ ತವರೂರಿನ ಹೆಸರೂ ಇದೆ. ಸಂಯೋಜನೆ ಅನ್ನುವ ಜಾಗವನ್ನು ಸದ್ಯಕ್ಕೆ ಖಾಲಿ ಬಿಟ್ಟಿದ್ದೇವೆ.

ಬರೆಯುವ ಕೆಲಸ ನಿಧಾನ. ಕಲ್ಲಿನ ಗುರ್ ಸದ್ದಿಗೆ ವಯೊಲಾದ ಕೆಳಗಿನ ತಂತಿಯನ್ನು, ತಂತಿಗಳನ್ನು ಎತ್ತಿ ಹಿಡಿಯುವ ಬ್ರಿಜ್ ಹತ್ತಿರ ತಿಕ್ಕಿ ನೋಡಿದ್ದೇವೆ, ಅದು ಇಬ್ಬರಿಗೂ ಒಪ್ಪಿಗೆ. ಕಾಳು ಹಾಕುವ ನಿಲುಗಡೆಗೆ ಎಣಿಕೆ ಬರೆದಿಲ್ಲ. ಎರಡನೇ ವಯೊಲಿನ್ ನುಡಿಸುವವರು ತಲೆ ಆಡಿಸಿದ ಮೇಲೆ ಮುಂದೆ ಹೋಗಿ ಅಂತ ಕನ್ನಡದಲ್ಲೇ ಬರೆದಿದ್ದೇವೆ. ಜಗಳ ಇರುವುದು ಒಂದೇ ಕಡೆ, ಇಬ್ಬರ ದನಿ ಒಂದರ ಮೇಲೊಂದು ಬಿದ್ದು ಉಜ್ಜುವ ಜಾಗದಲ್ಲಿ. ಗೆಳತಿ ಅದನ್ನು ಎರಡು ವಯೊಲಿನ್‌ಗೇ ಕೊಡೋಣ, ಒಂದೇ ಬಣ್ಣದ ದನಿ ಬೇಕು ಅನ್ನುತ್ತಾಳೆ. ನನಗೆ ಒಂದು ವಯೊಲಿನ್, ಒಂದು ಚೆಲ್ಲೊ ಬೇಕು. ಅತ್ತಿಯದು ಎತ್ತರದ ಕೊರಳು, ಎದುರಿನವಳದು ಮಂದ್ರ. ಮುಂದಿನ ಭಾನುವಾರ ಚೆಲ್ಲೊ ನುಡಿಸುವ ಒಬ್ಬ ಹುಡುಗ ಬರುತ್ತೇನೆ ಅಂದಿದ್ದಾನೆ. ಎರಡೂ ಥರ ನುಡಿಸಿ, ಫೋನಿನಲ್ಲಿ ಹಿಡಿದು ಅತ್ತಿಗೆ ಕಳಿಸಬೇಕು.